ಬಲ್ಬಿನಲ್ಲಿ ಕರೆಂಟ್ ಖರ್ಚಾಗುತ್ತಾ? ಮಕ್ಕಳಿಗೆ ವಿದ್ಯುತ್ತು, ಅಯಸ್ಕಾಂತ ಹೇಳಿಕೊಡುವ ಬಗ್ಗೆ

ಏಳನೇ ಕ್ಲಾಸಿನ ಅಮ್ಮ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು, ಕನ್ನಡ ಮಾಧ್ಯಮ. ಸ್ಕೂಲಿನಲ್ಲಿ ವಿದ್ಯುತ್ ಪಾಠ ನಡೆಯುತ್ತಿದೆ. ಸೆಲ್ಲು, ಸ್ವಿಚ್ಚು, ಬಲ್ಬು ಇವುಗಳ ಚಿಹ್ನೆ ಹಾಕಿ ಮಂಡಲದ (ಸರ್ಕ್ಯೂಟ್) ಚಿತ್ರ ಚೆನ್ನಾಗಿಯೇ ಬರೆಯುತ್ತಾಳೆ. ಟೆಸ್ಟಿನಲ್ಲಿ ಮಾರ್ಕ್ಸೂ ಬಂದಿದೆ. ಆದರೆ ಅವಳನ್ನು ಕಾಡುತ್ತಿರುವ ಪ್ರಶ್ನೆ ಬೇರೆ. "ಸೆಲ್ಲಿನಿಂದ ಕರೆಂಟ್ ಬರುತ್ತೆ, ಬಲ್ಬು ಅದನ್ನ ಉರಿಸಿ ಮುಗಿಸುತ್ತೆ. ಮುಗಿದ ಮೇಲೆ ವಾಪಸ್ ಹೋಗೋದು ಏನು? ಎರಡನೇ ವೈರು ಯಾಕೆ ಬೇಕು?" ಅಂತ ಕೇಳುತ್ತಾಳೆ.

ನಾನು ಓದಿದ್ದು ಬಿ.ಕಾಂ. ಅವಳ ಮಾತಿನಲ್ಲಿ ತಪ್ಪು ಎಲ್ಲಿದೆ ಅಂತ ಹೇಳಲು ನನಗೆ ಬರುತ್ತಿಲ್ಲ. ಕರೆಂಟ್ ಖರ್ಚಾಗದೇ ಇದ್ದರೆ ತಿಂಗಳು ತಿಂಗಳು ಬಿಲ್ ಯಾಕೆ ಬರುತ್ತೆ ಅಲ್ವಾ? ಮನೆಯಲ್ಲೇ ಮಾಡಿ ತೋರಿಸುವಂಥದ್ದು ಏನಾದರೂ ಇದ್ದರೆ ಹೇಳಿ. ಮುಂದೆ ಅಯಸ್ಕಾಂತವೂ ಬರುತ್ತದೆ ಅಂದಳು. ಅದಕ್ಕೂ ಇದಕ್ಕೂ ಏನು ಸಂಬಂಧ ಅನ್ನೋದೂ ನನಗೆ ಸರಿಯಾಗಿ ಗೊತ್ತಿಲ್ಲ.

ನಿವೃತ್ತ ವಿಜ್ಞಾನ ಮೇಷ್ಟ್ರು, ಚಿತ್ರದುರ್ಗ

ತಾಯಿ, ಮಗಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಹತ್ತನೇ ಕ್ಲಾಸಿನಲ್ಲಿ ಓಮನ ನಿಯಮದ ಲೆಕ್ಕ ತಪ್ಪಿಲ್ಲದೆ ಮಾಡುವ ಮಕ್ಕಳ ಮನಸ್ಸಿನಲ್ಲೂ ಇದೇ ನಂಬಿಕೆ ಇರುತ್ತದೆ. ಬಲ್ಬು ಕರೆಂಟನ್ನು ತಿನ್ನುತ್ತದೆ ಅಂತ. ಲೆಕ್ಕ ಸರಿಯಾಗಿ ಬರುವುದರಿಂದ ಆ ನಂಬಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಮಗಳು ಬಾಯಿ ಬಿಟ್ಟು ಕೇಳಿದ್ದಾಳೆ.

ಅವಳಿಗೆ ಉತ್ತರ ಹೇಳಬೇಡಿ, ಮಾಡಿ ನೋಡಲಿ. ಒಂದೇ ಥರದ ಎರಡು ಟಾರ್ಚ್ ಬಲ್ಬು ತನ್ನಿ. ಹಳೇ ಕಾಲದ್ದು, ಗಾಜಿನೊಳಗೆ ತಂತಿ ಇರುವಂಥದ್ದು. ಎಲ್‌ಇಡಿ ಬೇಡ. ಎರಡು ಸೆಲ್ಲು, ಸ್ವಲ್ಪ ವೈರು ಸಾಕು. ಮೊದಲು ಒಂದೇ ಬಲ್ಬು ಹಚ್ಚಿ ಬೆಳಕು ಎಷ್ಟಿದೆ ನೋಡಲಿ. ಆಮೇಲೆ ಎರಡು ಬಲ್ಬನ್ನು ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿ. ವೈರು ಮುಟ್ಟಿಸುವ ಮುಂಚೆ ಕೇಳಿ: "ಯಾವ ಬಲ್ಬು ಜಾಸ್ತಿ ಉರಿಯುತ್ತೆ?" ಉತ್ತರವನ್ನು ಕಾಗದದ ಮೇಲೆ ಬರೆದಿಡಲಿ. ಬಾಯಲ್ಲಿ ಹೇಳಿದರೆ ಮಕ್ಕಳು ಆಮೇಲೆ ಮಾತು ಬದಲಾಯಿಸಿಬಿಡುತ್ತಾರೆ.

ಅವಳ ಲೆಕ್ಕದ ಪ್ರಕಾರ ಮೊದಲ ಬಲ್ಬು ತನಗೆ ಬೇಕಾದಷ್ಟು ತಿಂದು, ಉಳಿದದ್ದನ್ನು ಎರಡನೆಯದಕ್ಕೆ ಬಿಡಬೇಕು. ಒಂದು ಜೋರು, ಇನ್ನೊಂದು ಮಂಕು ಆಗಬೇಕು. ನಿಜವಾಗಿ ಏನಾಗುತ್ತೆ ಅನ್ನೋದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅವಳೇ ನೋಡಲಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲು ಬಿಟ್ಟು ಬೇರೆ ಯಾವುದೂ ಬೇಡ. ಗೋಡೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಇರುತ್ತದೆ, ಅದರ ತಂಟೆಗೆ ಹೋಗಲೇಬಾರದು. ಹಳೇ ಮೊಬೈಲ್ ಬ್ಯಾಟರಿ, ಬೈಕ್ ಬ್ಯಾಟರಿಯೂ ಬೇಡ. ಎರಡು ತುದಿ ತಾಗಿ ಶಾರ್ಟ್ ಆದರೆ ಬೆಂಕಿ ಹೊತ್ತಿಕೊಳ್ಳಬಹುದು.

ಮೋಟರ್ ವೈಂಡಿಂಗ್ ಅಂಗಡಿ, ದಾವಣಗೆರೆ

ಅಕ್ಕಾ, ತಂತಿ ಇರುವ ಟಾರ್ಚ್ ಬಲ್ಬು ಈಗ ಎಲ್ಲ ಕಡೆ ಸಿಗಲ್ಲ. ಹಳೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೇಳಿ, ಕಪಾಟಿನ ಮೇಲೆಲ್ಲೋ ಇಟ್ಟಿರುತ್ತಾರೆ. ಬಲ್ಬಿನ ಲೋಹದ ಕುತ್ತಿಗೆ ಮೇಲೆ ವೋಲ್ಟು, ಆಂಪಿಯರ್ ಸಣ್ಣಗೆ ಅಚ್ಚು ಹಾಕಿರುತ್ತಾರೆ. 2.5 ವೋಲ್ಟ್, 0.3 ಆಂಪಿಯರ್ ಅಂತ ಇದ್ದರೆ ಒಳ್ಳೆಯದು. ಎರಡರ ಮೇಲೂ ಒಂದೇ ಇರಬೇಕು. ಬೇರೆ ಬೇರೆ ಇದ್ದರೆ ಮೇಷ್ಟ್ರು ಹೇಳಿದ ಪ್ರಯೋಗ ಕೆಟ್ಟುಹೋಗುತ್ತೆ.

ಹೋಲ್ಡರ್ ಇಲ್ಲದಿದ್ದರೂ ನಡೆಯುತ್ತೆ. ಒಂದು ವೈರನ್ನು ಬಲ್ಬಿನ ಕುತ್ತಿಗೆಗೆ ಸುತ್ತಿ ಟೇಪ್ ಹಾಕಿ. ಇನ್ನೊಂದನ್ನು ತಳದಲ್ಲಿರುವ ಚುಕ್ಕೆಗೆ ಒತ್ತಿ ಹಿಡಿಯಿರಿ. ನಮ್ಮ ಅಂಗಡಿಗೆ ಕೆಲಸ ಕಲಿಯಲು ಬರುವ ಹುಡುಗರೂ ಮೊದಮೊದಲು ಎರಡೂ ವೈರನ್ನು ತಳದ ಚುಕ್ಕೆಗೇ ಹಿಡಿದು "ಬಲ್ಬ್ ಹೋಗಿದೆ ಅಣ್ಣಾ" ಅನ್ನುತ್ತಾರೆ. ಬಲ್ಬನ್ನು ಬೆಳಕಿಗೆ ಹಿಡಿದು ಒಳಗೆ ನೋಡಲು ಹೇಳಿ. ಸಣ್ಣ ತಂತಿಯ ಒಂದು ಕಾಲು ತಳದ ಚುಕ್ಕೆಗೆ ಇಳಿದಿರುತ್ತೆ, ಇನ್ನೊಂದು ಕಾಲು ಕುತ್ತಿಗೆಗೆ ಬೆಸೆದಿರುತ್ತೆ. ಒಂದು ಕಡೆ ಹತ್ತಿ ಇನ್ನೊಂದು ಕಡೆ ಇಳಿಯುವ ದಾರಿ ಅದು. ಅದನ್ನು ನೋಡಿದ ಮಗುವಿಗೆ ಎರಡನೇ ವೈರು ಯಾಕೆ ಅನ್ನೋದು ಅರ್ಧ ಅಲ್ಲೇ ಗೊತ್ತಾಗುತ್ತೆ.

ಏಳನೇ ಕ್ಲಾಸಿನ ಅಮ್ಮ, ದಾವಣಗೆರೆ

ಮೇಷ್ಟ್ರೇ, ಮಾಡಿದೆವು. ಬಲ್ಬು ಮಂಡಿಪೇಟೆಯಲ್ಲಿ ಸಿಕ್ಕಿತು. ಅವಳು ಕಾಗದದ ಮೇಲೆ "ಪ್ಲಸ್ ಕಡೆ ಇರೋದು ಜಾಸ್ತಿ ಉರಿಯುತ್ತೆ" ಅಂತ ಬರೆದಿದ್ದಳು. ಮುಟ್ಟಿಸಿದರೆ ಎರಡೂ ಒಂದೇ ಸಮ ಮಂಕಾಗಿ ಉರಿದವು. ಅವಳು ಒಪ್ಪಲಿಲ್ಲ. ಬಲ್ಬುಗಳನ್ನು ಅದಲು ಬದಲು ಮಾಡಿದಳು. ಸೆಲ್ಲು ತಿರುಗಿಸಿ ಹಾಕಿದಳು. ಆದರೂ ಅಷ್ಟೇ. ಆಮೇಲೆ "ಹಾಗಾದರೆ ಮೊದಲನೇದು ಏನೂ ತಿಂದಿಲ್ಲ" ಅಂದಳು. ಒಂದು ಬಲ್ಬು ಬಿಚ್ಚಿದಾಗ ಎರಡೂ ಆರಿದವು. "ಸುತ್ತು ಪೂರ್ತಿ ಆಗಬೇಕು, ಅದಕ್ಕೇ ಎರಡನೇ ವೈರು" ಅಂತ ಅವಳೇ ಹೇಳಿದಳು.

ಈಗ ಹೊಸ ತಕರಾರು ಶುರುವಾಗಿದೆ. ಎಷ್ಟು ಹೋಗುತ್ತೋ ಅಷ್ಟೇ ವಾಪಸ್ ಬರುತ್ತೆ ಅನ್ನೋದಾದರೆ ಸೆಲ್ಲು ಯಾಕೆ ಖಾಲಿ ಆಗುತ್ತೆ? ಬಲ್ಬು ಬಿಸಿ ಆಗೋದು ಯಾವುದರಿಂದ?

ಎಲೆಕ್ಟ್ರಿಕಲ್ ಓದುವ ಹುಡುಗಿ, ದಾವಣಗೆರೆ

ಆಂಟಿ, ನಮ್ಮ ಕ್ಲಾಸಿನಲ್ಲೂ ಎಷ್ಟೋ ಜನ ಈ ಪ್ರಶ್ನೆಗೆ ತಡವರಿಸುತ್ತಾರೆ. ನಾನು ತಮ್ಮನಿಗೆ ಸೈಕಲ್ ಇಟ್ಟುಕೊಂಡು ಹೇಳಿಕೊಟ್ಟೆ, ಅದನ್ನೇ ಬರೆಯುತ್ತೇನೆ.

ಸೈಕಲ್ಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಪೆಡಲ್ ತುಳಿಯಲಿ. ಹಿಂದಿನ ಚಕ್ರ ತಿರುಗುತ್ತೆ. ಪೆಡಲಿನಿಂದ ಚಕ್ರಕ್ಕೆ ಬಲ ಮುಟ್ಟಿಸೋದು ಚೈನು. ಚಕ್ರ ಚೈನನ್ನು ತಿಂದು ಮುಗಿಸುತ್ತಾ? ಇಲ್ಲ. ಕೆಳಗಿನಿಂದ ಎಷ್ಟು ಕೊಂಡಿ ಬಂದವೋ ಮೇಲಿನಿಂದ ಅಷ್ಟೇ ವಾಪಸ್ ಹೋಗುತ್ತವೆ. ಚೈನು ಎಲ್ಲೇ ತುಂಡಾದರೂ ಎಲ್ಲ ಕಡೆ ಒಟ್ಟಿಗೇ ನಿಲ್ಲುತ್ತೆ. ಸುಸ್ತಾಗೋದು ತುಳಿಯುವ ಕಾಲು. ಇಲ್ಲಿ ಸೆಲ್ಲೇ ಕಾಲು, ಬಲ್ಬೇ ಹಿಂದಿನ ಚಕ್ರ, ವೈರಿನಲ್ಲಿ ಹರಿಯುವ ಕರೆಂಟೇ ಚೈನು. ಸೆಲ್ಲಿನೊಳಗಿನ ರಾಸಾಯನಿಕ ಪದಾರ್ಥ ಬದಲಾಗುತ್ತಾ ಹೋಗುತ್ತೆ, ತಳ್ಳುವ ಶಕ್ತಿ ಕಮ್ಮಿಯಾಗುತ್ತೆ. ಅದನ್ನೇ ನಾವು ಖಾಲಿ ಅನ್ನೋದು. ಆ ಶಕ್ತಿ ಬಲ್ಬಿನಲ್ಲಿ ಶಾಖ, ಬೆಳಕಾಗಿ ಹೊರಗೆ ಬರುತ್ತೆ.

ಬಿಲ್ ಬರೋದೂ ಆ ಶಕ್ತಿಗೇ. ಒಂದು ಯೂನಿಟ್ ಅಂದರೆ 1000 ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ ಆಗುವ ಖರ್ಚು. 10 ವ್ಯಾಟಿನ ಎಲ್‌ಇಡಿ ಬಲ್ಬಾದರೆ ಅದೇ ಒಂದು ಯೂನಿಟ್ಟಿನಲ್ಲಿ 100 ಗಂಟೆ ಉರಿಯುತ್ತೆ. ಮನೆಯ ಮೀಟರಿನ ಮೇಲೆ ಕೆಡಬ್ಲ್ಯೂಹೆಚ್ (kWh) ಅಂತ ಬರೆದಿರುತ್ತೆ, ಅದೇ ಈ ಯೂನಿಟ್. ಅವಳನ್ನೇ ಕರೆದುಕೊಂಡು ಹೋಗಿ ತೋರಿಸಿ.

ಇನ್ನೊಂದು ವಿಷಯ ಮಕ್ಕಳಿಗೆ ಬಹಳ ಇಷ್ಟವಾಗುತ್ತೆ. ಸೆಲ್ಲಿನೊಳಗೆ ಎಲೆಕ್ಟ್ರಾನು (ವೈರಿನಲ್ಲಿ ಹರಿಯುವ ಅತಿ ಸಣ್ಣ ಕಣ) ತುಂಬಿಟ್ಟಿರುತ್ತಾರೆ, ಅವು ಓಡಿಬಂದು ಬಲ್ಬು ಮುಟ್ಟಿದಾಗ ಬೆಳಕಾಗುತ್ತೆ ಅಂತ ತಿಳಿದಿರುತ್ತಾರೆ. ಹಾಗಲ್ಲ. ತಾಮ್ರದ ವೈರಿನಲ್ಲಿ ಮೊದಲೇ ಎಲೆಕ್ಟ್ರಾನುಗಳು ತುಂಬಿರುತ್ತವೆ. ಅವು ಮುಂದೆ ಸಾಗುವ ವೇಗ ಬಹಳ ಕಮ್ಮಿ, ಇಂಥ ಪ್ರಯೋಗದ ವೈರಿನಲ್ಲಿ ಸೆಕೆಂಡಿಗೆ ಒಂದು ಮಿಲಿಮೀಟರ್ ಕೂಡ ಇರಲ್ಲ. ಆದರೆ ತಳ್ಳಿದ್ದು ಸುತ್ತಿಗೆಲ್ಲ ಹೆಚ್ಚುಕಮ್ಮಿ ಬೆಳಕಿನ ವೇಗದಲ್ಲಿ ಮುಟ್ಟುತ್ತೆ. ಅದಕ್ಕೇ ಸ್ವಿಚ್ ಒತ್ತಿದ ತಕ್ಷಣ ಬಲ್ಬು ಹತ್ತುತ್ತೆ.

ಮುಂದಿನ ಹೆಜ್ಜೆಗೆ ಅದೇ ಎರಡು ಬಲ್ಬನ್ನು ಅಕ್ಕಪಕ್ಕ ಜೋಡಿಸಿ. ಎರಡಕ್ಕೂ ಸೆಲ್ಲಿನಿಂದ ಬೇರೆ ಬೇರೆ ದಾರಿ ಇರಲಿ. ಎರಡೂ ಪೂರ್ತಿ ಉರಿಯುತ್ತವೆ, ಒಂದನ್ನು ಬಿಚ್ಚಿದರೂ ಇನ್ನೊಂದು ಆರಲ್ಲ. ಮನೆಯ ವೈರಿಂಗ್ ಎಲ್ಲ ಹೀಗೇ. ಗಣಪತಿ ಪೆಂಡಾಲಿಗೆ ಹಾಕುತ್ತಿದ್ದ ಹಳೇ ಸೀರಿಯಲ್ ಸೆಟ್ಟಿನಲ್ಲಿ ಒಂದು ಬಲ್ಬು ಹೋದರೆ ಇಡೀ ಸಾಲೇ ಕತ್ತಲಾಗುತ್ತಿತ್ತು, ನೆನಪಿದೆಯಾ? ಅದು ಒಂದರ ಹಿಂದೆ ಒಂದು ಜೋಡಿಸಿದ್ದು.

ಟ್ಯೂಷನ್ ಮೇಷ್ಟ್ರು, ಹರಿಹರ

ಎಲ್ಲ ಚೆನ್ನಾಗಿದೆ. ಆದರೆ ಒಂದು ಮಾತು ಬಿಟ್ಟುಹೋಗಿದೆ. ಎಲೆಕ್ಟ್ರಾನು ಮೈನಸ್‌ನಿಂದ ಪ್ಲಸ್ ಕಡೆಗೆ ಹೋಗುತ್ತೆ. ಪುಸ್ತಕದಲ್ಲಿ ಬಾಣ ಹಾಕೋದು ಪ್ಲಸ್‌ನಿಂದ ಮೈನಸ್‌ಗೆ. ಏಳನೇ ಕ್ಲಾಸಿಗೇ ಇದನ್ನು ಹೇಳಿಬಿಡಬೇಕು. ಇಲ್ಲದಿದ್ದರೆ ಹತ್ತನೇ ಕ್ಲಾಸಿಗೆ ಬಂದಾಗ ಮಕ್ಕಳು ಗಾಬರಿ ಬೀಳುತ್ತಾರೆ. ಎಸ್‌ಎಸ್‌ಎಲ್‌ಸಿ ಹತ್ತಿರ ಬಂದಾಗ ಹಳೆಯದನ್ನು ಮರೆಸಿ ಹೊಸದನ್ನು ತುಂಬೋಕೆ ಸಮಯ ಇರಲ್ಲ.

ಸರ್ಕಾರಿ ಶಾಲೆ ಟೀಚರ್, ಚಳ್ಳಕೆರೆ ತಾಲ್ಲೂಕು

ಸರ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಈ ವಯಸ್ಸಿಗೆ ಸುತ್ತು ಪೂರ್ತಿಯಾಗಬೇಕು, ಎಲ್ಲ ಕಡೆ ಒಂದೇ ಕರೆಂಟು ಅನ್ನೋದು ಗಟ್ಟಿಯಾಗಲಿ. ಬಾಣದ ದಿಕ್ಕು ಆಮೇಲೆ ಬರಲಿ. ಪ್ಲಸ್, ಮೈನಸ್ ಅಂತ ಗುರುತಿಟ್ಟಿದ್ದು ಬೆಂಜಮಿನ್ ಫ್ರಾಂಕ್ಲಿನ್ ಕಾಲದಲ್ಲಿ, 18ನೇ ಶತಮಾನದಲ್ಲಿ. ಜೆ.ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದಿದ್ದು 1897ರಲ್ಲಿ. ಅಷ್ಟರಲ್ಲಿ ಪುಸ್ತಕಗಳೆಲ್ಲ ಬಾಣ ಹಾಕಿ ಆಗಿತ್ತು. ಈ ಕತೆಯನ್ನು ಒಂಬತ್ತು, ಹತ್ತನೇ ಕ್ಲಾಸಿನಲ್ಲಿ ಹೇಳಿದರೆ ಮಕ್ಕಳು ಗಾಬರಿ ಬೀಳಲ್ಲ, ಆಸಕ್ತಿಯಿಂದ ಕೇಳುತ್ತಾರೆ. ನಮ್ಮಂಥ ಟೀಚರುಗಳಿಗೆ ಕುದಾಪುರದ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಕ್ಯಾಂಪಸ್ಸಿನಲ್ಲಿ ತರಬೇತಿ ಕೊಡುತ್ತಾರೆ. ಅವಕಾಶ ಸಿಕ್ಕವರು ಬಿಡಬೇಡಿ. ಕೈಯಾರೆ ಮಾಡಿದ ಪ್ರಯೋಗವನ್ನು ಕ್ಲಾಸಿನಲ್ಲಿ ಮಾಡುವ ಧೈರ್ಯವೇ ಬೇರೆ.

ದಾವಣಗೆರೆಯವರು ಇಷ್ಟು ಜನ ಇದ್ದೀರಿ, ಮಂಡಕ್ಕಿ ವಿಷಯ ಯಾರೂ ಎತ್ತಲಿಲ್ಲವಲ್ಲ! ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ತಿಗೆ ಮಂಡಕ್ಕಿಯಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ. ಗರಿಗರಿ ಮಂಡಕ್ಕಿಯನ್ನು ಸ್ಟೀಲ್ ತಟ್ಟೆಯಲ್ಲಿ ಒಂದು ಪದರ ಹರಡಿ. ಪ್ಲಾಸ್ಟಿಕ್ ಸ್ಕೇಲನ್ನು ಒಣ ಕೂದಲಿಗೆ ಇಲ್ಲವೇ ಉಣ್ಣೆ ಬಟ್ಟೆಗೆ ಜೋರಾಗಿ ಉಜ್ಜಿ ತಟ್ಟೆಯ ಮೇಲೆ ಹತ್ತಿರ ಹಿಡಿಯಿರಿ. ಮೊದಲು ಒಂದೆರಡು ಕಾಳು ಎದ್ದು ನಿಲ್ಲುತ್ತವೆ. ಆಮೇಲೆ ಟಕ್ ಅಂತ ಹಾರಿ ಸ್ಕೇಲಿಗೆ ಅಂಟುತ್ತವೆ. ಅಲ್ಲಿಗೇ ನೋಡೋದು ನಿಲ್ಲಿಸಬೇಡಿ. ಸ್ವಲ್ಪ ಹೊತ್ತಿಗೆ ಅಂಟಿಕೊಂಡಿದ್ದ ಕಾಳು ತಾನೇ ಸಿಡಿದು ದೂರ ಬೀಳುತ್ತೆ. ಕೆಲವು ಕಾಳು ತಟ್ಟೆಗೂ ಸ್ಕೇಲಿಗೂ ಮಧ್ಯೆ ಮೇಲೆ ಕೆಳಗೆ ಕುಣಿಯುವುದೂ ಉಂಟು.

ಉಜ್ಜಿದಾಗ ಸ್ಕೇಲಿಗೆ ಆವೇಶ, ಅಂದರೆ ಚಾರ್ಜ್, ಬಂದಿರುತ್ತದೆ. ಮಂಡಕ್ಕಿಯಲ್ಲಿ ಪ್ಲಸ್ಸೂ ಮೈನಸ್ಸೂ ಸಮನಾಗಿರುತ್ತವೆ. ಸ್ಕೇಲು ಹತ್ತಿರ ಬಂದಾಗ ಅವು ಸ್ವಲ್ಪ ಸರಿದು, ವಿರುದ್ಧ ಜಾತಿಯದು ಸ್ಕೇಲಿನ ಕಡೆಗೆ ಬರುತ್ತೆ. ಹತ್ತಿರ ಇರುವುದಕ್ಕೆ ಎಳೆತ ಜಾಸ್ತಿ, ಆದ್ದರಿಂದ ಕಾಳು ಹಾರುತ್ತೆ. ಅಂಟಿಕೊಂಡ ಮೇಲೆ ಸ್ಕೇಲಿನ ಆವೇಶವೇ ಕಾಳಿಗೂ ಹಂಚಿಕೆಯಾಗುತ್ತೆ. ಈಗ ಎರಡೂ ಒಂದೇ ಜಾತಿ, ಒಂದನ್ನೊಂದು ತಳ್ಳುತ್ತವೆ. ಒಂದೇ ಕಾಳಿನಲ್ಲಿ ಎಳೆಯುವುದನ್ನೂ ತಳ್ಳುವುದನ್ನೂ ಮಗು ನೋಡಿತು.

ಮಳೆಗಾಲದಲ್ಲಿ ಇದನ್ನು ಮಾಡಲು ಹೋಗಬೇಡಿ. ಗಾಳಿಯಲ್ಲಿ ತೇವ ಇದ್ದರೆ ಆವೇಶ ಸೋರಿಹೋಗುತ್ತೆ, ಮಂಡಕ್ಕಿಯೂ ಮೆತ್ತಗಾಗಿರುತ್ತೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಕಡೆಯ ಒಣ ಹವೆ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತೆ.

ರೈತ, ಜಗಳೂರು

ಎಲ್ಲ ಓದಿದೆ. ಬಾಳ ಚೆನ್ನಾಗಿದೆ. ನಮ್ಮದು ಹೊಲದ ಮನೆ. ಬೋರ್ ಇದೆ, ಪಕ್ಕದಲ್ಲೇ ಟಿಸಿ (ಟ್ರಾನ್ಸ್‌ಫಾರ್ಮರ್) ಇದೆ. ಮೊಮ್ಮಗ ಅಲ್ಲೇ ಆಡುತ್ತಾನೆ. ತಂತಿ ಮೇಲೆ ಗೊರವಂಕ, ಕಾಗೆ ಸಾಲಾಗಿ ಕೂತಿರುತ್ತವೆ. "ತಾತಾ, ಅವಕ್ಕೆ ಶಾಕ್ ಹೊಡೆಯಲ್ಲ, ಹಂಗಾದ್ರೆ ನಮಗ್ಯಾಕೆ ಹೊಡೆಯುತ್ತೆ?" ಅಂತಾನೆ. ಬೈದು ಸುಮ್ಮನಿರಿಸಬಹುದು, ಆದರೆ ಬೈದರೆ ಹುಡುಗರು ಕದ್ದು ಮುಟ್ಟುತ್ತಾರೆ. ಅವನಿಗೆ ತಿಳಿಯುವ ಹಾಗೆ ಹೇಳಬೇಕು. ಯಾರಾದರೂ ಹೇಳಿಕೊಡಿ.

ಪವರ್‌ಮನ್, ಹೊಳಲ್ಕೆರೆ

ಯಜಮಾನರೇ, ಮೊಮ್ಮಗನಿಗೆ ಹೀಗೆ ಹೇಳಿ. ಹಕ್ಕಿಯ ಎರಡು ಕಾಲೂ ಒಂದೇ ತಂತಿ ಮೇಲೆ ಇರುತ್ತವೆ. ಎರಡು ಕಾಲಿನ ಮಧ್ಯೆ ವೋಲ್ಟೇಜಿನ ವ್ಯತ್ಯಾಸ ಇಲ್ಲ ಅಂದರೂ ಆಗುತ್ತೆ. ವ್ಯತ್ಯಾಸ ಇಲ್ಲದಿದ್ದರೆ ತಳ್ಳುವವರಿಲ್ಲ, ಮೈಯೊಳಗೆ ಕರೆಂಟ್ ಹರಿಯಲ್ಲ. ನಾವು ನಿಂತಿರೋದು ನೆಲದ ಮೇಲೆ. ಕೈ ತಂತಿಗೆ, ಕಾಲು ನೆಲಕ್ಕೆ. ಸುತ್ತು ಪೂರ್ತಿ ಮಾಡೋದು ನಮ್ಮ ಮೈ. ದೊಡ್ಡ ಹಕ್ಕಿಯ ರೆಕ್ಕೆ ಎರಡು ತಂತಿಗೆ ಒಟ್ಟಿಗೆ ತಾಗಿದರೆ ಅದೂ ಸಾಯುತ್ತೆ. ಬಾವಲಿಗಳು ಹಾಗೇ ಸತ್ತು ತಂತಿಯಲ್ಲಿ ಜೋತಾಡೋದನ್ನು ನೀವೂ ನೋಡಿರುತ್ತೀರಿ.

ಮಕ್ಕಳಿಗೆ ಇದೂ ಗೊತ್ತಿರಲಿ. ಮೇಲೆ ಹೇಳಿದ ಟಾರ್ಚ್ ಬಲ್ಬಿನಲ್ಲಿ 0.3 ಆಂಪಿಯರ್, ಅಂದರೆ 300 ಮಿಲಿ ಆಂಪಿಯರ್ ಹರಿಯುತ್ತೆ. ಮನೆಗೆ ಹಾಕುವ ಆರ್‌ಸಿಸಿಬಿ ಅನ್ನೋ ಸುರಕ್ಷತೆಯ ಸ್ವಿಚ್ಚು ಬರೀ 30 ಮಿಲಿ ಆಂಪಿಯರ್ ಸೋರಿದರೆ ಲೈನ್ ಕಟ್ ಮಾಡುತ್ತೆ, ಯಾಕೆಂದರೆ ಅದಕ್ಕಿಂತ ಜಾಸ್ತಿ ಮೈಯಲ್ಲಿ ಹರಿದರೆ ಜೀವಕ್ಕೆ ಅಪಾಯ. ಹಾಗಾದರೆ ಟಾರ್ಚ್ ಸೆಲ್ಲು ಮುಟ್ಟಿದರೆ ಯಾಕೆ ಏನೂ ಆಗಲ್ಲ? ಎರಡು ಸೆಲ್ಲಿನ 3 ವೋಲ್ಟಿಗೆ ನಮ್ಮ ಚರ್ಮದ ಮೂಲಕ ಅಷ್ಟು ತಳ್ಳುವ ತಾಕತ್ತಿಲ್ಲ. 230 ವೋಲ್ಟಿಗೆ ಇದೆ. ಕೈ ಒದ್ದೆಯಾಗಿದ್ದರೆ ಇನ್ನೂ ಸಲೀಸು. ಮೋಟರ್ ಸ್ಟಾರ್ಟರ್ ಪೆಟ್ಟಿಗೆಯನ್ನು ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಮುಟ್ಟಬೇಡಿ ಅನ್ನೋದು ಇದಕ್ಕೇ. ನಿಮ್ಮ ಬೋರಿಗೆ ಬರೋದು ತ್ರೀ ಫೇಸ್, ಎರಡು ಫೇಸುಗಳ ಮಧ್ಯೆ 400 ವೋಲ್ಟಿನ ಆಸುಪಾಸು ಇರುತ್ತೆ.

ಮಳೆ ಗಾಳಿಗೆ ತಂತಿ ಹರಿದು ಹೊಲದಲ್ಲಿ ಬಿದ್ದಿದ್ದರೆ ಹತ್ತಿರ ಹೋಗಲೇಬಾರದು. "ಕರೆಂಟ್ ಹೋಗಿದೆ, ಏನೂ ಆಗಲ್ಲ" ಅನ್ನುವ ಮಾತನ್ನು ನಂಬಬೇಡಿ, ಯಾವಾಗ ಬರುತ್ತೋ ಹೇಳೋಕಾಗಲ್ಲ. ಬಿದ್ದ ತಂತಿಯ ಸುತ್ತ ನೆಲದಲ್ಲೂ ವೋಲ್ಟೇಜ್ ಇರುತ್ತೆ. ದೊಡ್ಡ ಹೆಜ್ಜೆ ಹಾಕಿದರೆ ಎರಡು ಕಾಲಿನ ಮಧ್ಯೆಯೇ ವ್ಯತ್ಯಾಸ ಬರುತ್ತೆ. ದನಗಳ ಮುಂಗಾಲು ಹಿಂಗಾಲಿನ ಅಂತರ ಜಾಸ್ತಿ, ಅದಕ್ಕೇ ಅವು ಬೇಗ ಸಿಕ್ಕಿಹಾಕಿಕೊಳ್ಳುತ್ತವೆ. ಹತ್ತಿರ ಸಿಕ್ಕಿಕೊಂಡಿದ್ದರೆ ಪಾದ ಎತ್ತದೆ, ಎರಡೂ ಕಾಲು ಜೋಡಿಸಿ, ನೆಲಕ್ಕೆ ಸವರಿಕೊಂಡು ಸಣ್ಣಸಣ್ಣಗೆ ದೂರ ಸರಿಯಬೇಕು. ತಕ್ಷಣ 1912ಕ್ಕೆ ಫೋನ್ ಮಾಡಿ. ನಮ್ಮ ಎರಡೂ ಜಿಲ್ಲೆ ಬೆಸ್ಕಾಂಗೇ ಸೇರಿದ್ದು, ನಂಬರ್ ಅದೇ. ಗಾಳಿಪಟ ತಂತಿಗೆ ಸಿಕ್ಕಿದರೆ ಬಿಟ್ಟುಬಿಡಲಿ. ಕಂಬಕ್ಕೆ ದನ ಕಟ್ಟಬೇಡಿ, ಬಟ್ಟೆ ಒಣಗಿಸುವ ತಂತಿಯನ್ನು ಕಂಬಕ್ಕೆ ಬಿಗಿಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

ಮೋಟರ್ ವೈಂಡಿಂಗ್ ಅಂಗಡಿ, ದಾವಣಗೆರೆ

ಅಕ್ಕ ಅಯಸ್ಕಾಂತದ ಸಂಬಂಧ ಕೇಳಿದ್ದರು. ಅದು ನಮ್ಮ ಹೊಟ್ಟೆಪಾಡಿನ ವಿಷಯ, ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಮೂರು ಇಂಚಿನ ಕಬ್ಬಿಣದ ಮೊಳೆ, ಸಣ್ಣ ವೈಂಡಿಂಗ್ ವೈರು, ಒಂದು ಸೆಲ್ಲು, ಒಂದಿಷ್ಟು ಗುಂಡುಸೂಜಿ ತಗೊಳ್ಳಿ. ವೈರು ಯಾವ ವೈಂಡಿಂಗ್ ಅಂಗಡಿಯಲ್ಲಿ ಕೇಳಿದರೂ ಉಳಿದ ತುಂಡು ಕೊಡುತ್ತಾರೆ. ಮೊಳೆಗೆ 50 ಸುತ್ತು ಸುತ್ತಿ. ಒಂದರ ಪಕ್ಕ ಒಂದು ಒತ್ತಾಗಿ, ಎಲ್ಲ ಒಂದೇ ದಿಕ್ಕಿಗೆ. ಅರ್ಧಕ್ಕೆ ದಿಕ್ಕು ಬದಲಾಯಿಸಿದರೆ ಉಲ್ಟಾ ಸುತ್ತಿನ ಬಲ ಮೊದಲಿನ ಸುತ್ತಿನ ಬಲವನ್ನು ಹೊಡೆದುಹಾಕುತ್ತೆ. ಎರಡು ತುದಿಯನ್ನು ಸೆಲ್ಲಿಗೆ ಮುಟ್ಟಿಸಿ, ಮೊಳೆಯನ್ನು ಗುಂಡುಸೂಜಿಗೆ ಹಿಡಿಯಿರಿ.

"ಆಗಲಿಲ್ಲ ಅಣ್ಣಾ" ಅಂತ ಸ್ಕೂಲ್ ಹುಡುಗರು ಬರುತ್ತಲೇ ಇರುತ್ತಾರೆ. ನೋಡಿದರೆ ತುದಿ ಕೆರೆದೇ ಇರಲ್ಲ. ಈ ವೈರು ನೋಡೋಕೆ ಬರೀ ತಾಮ್ರ ಅನ್ನಿಸುತ್ತೆ, ಆದರೆ ಮೇಲೆ ತೆಳ್ಳಗೆ ಎನಾಮಲ್ ಇರುತ್ತೆ. ಸುತ್ತು ಸುತ್ತಿಗೆ ತಾಗಿದರೂ ಶಾರ್ಟ್ ಆಗದಿರಲಿ ಅಂತಲೇ ಅದನ್ನು ಬಳಿದಿರುತ್ತಾರೆ. ಎರಡು ತುದಿಯನ್ನು ಸ್ಯಾಂಡ್ ಪೇಪರಿನಲ್ಲಿ ಸುತ್ತಲೂ ಉಜ್ಜಿ. ಕಂದು ಬಣ್ಣ ಹೋಗಿ ಗುಲಾಬಿಯಂಥ ಹೊಳೆಯುವ ತಾಮ್ರ ಕಾಣಬೇಕು. ಒಂದು ಪಕ್ಕ ಉಜ್ಜಿ ಬಿಟ್ಟರೆ ಕೆಲವು ಸಲ ಹಿಡಿಯುತ್ತೆ, ಕೆಲವು ಸಲ ಇಲ್ಲ.

ಕೆಲವೇ ಸೆಕೆಂಡ್ ಮುಟ್ಟಿಸಿ ಬಿಡಿ. ಇಲ್ಲಿ ಬಲ್ಬಿಲ್ಲ, ತಡೆಯುವವರಿಲ್ಲ, ಸೆಲ್ಲು ಬೇಗ ಬಿಸಿಯಾಗುತ್ತೆ. 50 ಸುತ್ತಿನಲ್ಲಿ ಎಷ್ಟು ಸೂಜಿ ಎತ್ತಿತು ಅಂತ ಎಣಿಸಿ. 100 ಸುತ್ತು ಮಾಡಿ ಮತ್ತೆ ಎಣಿಸಿ. ವೈರು ಬಿಟ್ಟ ಕೂಡಲೇ ಸೂಜಿಗಳು ಉದುರುತ್ತವೆ. ಒಂದೆರಡು ಉಳಿಯಬಹುದು, ಮೊಳೆಯಲ್ಲಿ ಅಯಸ್ಕಾಂತದ ಗುಣ ಸ್ವಲ್ಪ ಉಳಿದಿರುತ್ತೆ. ಮೊಳೆಯ ಬದಲು ಉಕ್ಕಿನ ಸ್ಕ್ರೂಡ್ರೈವರ್ ಇಟ್ಟರೆ ಅದು ಪೂರ್ತಿ ಬಿಡಲ್ಲ, ತಾನೇ ಅಯಸ್ಕಾಂತ ಆಗಿಬಿಡುತ್ತೆ. ಮೆತ್ತನೆ ಕಬ್ಬಿಣಕ್ಕೂ ಉಕ್ಕಿಗೂ ಇರುವ ವ್ಯತ್ಯಾಸ ಇದು.

ಬೋರ್‌ವೆಲ್ ಮೋಟರಿನೊಳಗೂ ಇದೇ ಇರೋದು, ಕಬ್ಬಿಣದ ಕಚ್ಚುಗಳಲ್ಲಿ ತಾಮ್ರದ ಸುತ್ತು. ರೋಟರ್ (ಒಳಗೆ ತಿರುಗುವ ಭಾಗ) ಜಾಮ್ ಆದಾಗ, ಇಲ್ಲವೇ ಒಂದು ಫೇಸ್ ಹೋದಾಗ ಕರೆಂಟ್ ಜಾಸ್ತಿ ಎಳೆದು ಎನಾಮಲ್ ಕರಗುತ್ತೆ. ಸುತ್ತಿಗೆ ಸುತ್ತು ತಾಗಿ ಕಾಯಿಲ್ ಸುಟ್ಟುಹೋಗುತ್ತೆ. ಆ ವಾಸನೆ ಗೊತ್ತಿಲ್ಲದ ರೈತರು ನಮ್ಮ ಕಡೆ ಇಲ್ಲ.

ಏಳನೇ ಕ್ಲಾಸಿನ ಅಮ್ಮ, ದಾವಣಗೆರೆ

ಮೊಳೆ ಅಯಸ್ಕಾಂತ ಆಯಿತು! ತುದಿ ಉಜ್ಜುವ ಮಾತು ಹೇಳದಿದ್ದರೆ ನಾವೂ ಅಲ್ಲೇ ನಿಲ್ಲುತ್ತಿದ್ದೆವು. ಈಗ ಅಪ್ಪನ ಹಳೇ ಸ್ಪೀಕರಿನ ಅಯಸ್ಕಾಂತ ತಗೊಂಡು ಅಡುಗೆಮನೆಯೆಲ್ಲ ಸುತ್ತುತ್ತಿದ್ದಾಳೆ. ದೋಸೆ ಹಂಚಿಗೆ ಅಂಟುತ್ತೆ, ಅಲ್ಯೂಮಿನಿಯಂ ಪಾತ್ರೆಗೆ ಇಲ್ಲ. ಒಂದು ರೂಪಾಯಿಗೆ ಅಂಟುತ್ತೆ, ಹಿತ್ತಾಳೆ ಬಣ್ಣದ ಐದು ರೂಪಾಯಿಗೆ ಇಲ್ಲ. ಸ್ಟೀಲ್ ತಟ್ಟೆಗಳಲ್ಲಿ ಕೆಲವಕ್ಕೆ ಅಂಟುತ್ತೆ, ಕೆಲವಕ್ಕೆ ಇಲ್ಲ. ಇದು ಯಾಕೆ ಹೀಗೆ?

ಸರ್ಕಾರಿ ಶಾಲೆ ಟೀಚರ್, ಚಳ್ಳಕೆರೆ ತಾಲ್ಲೂಕು

ಲೋಹಕ್ಕೆಲ್ಲ ಅಯಸ್ಕಾಂತ ಅಂಟುತ್ತೆ ಅನ್ನೋದು ಮಕ್ಕಳ ಇನ್ನೊಂದು ಗಟ್ಟಿ ನಂಬಿಕೆ. ಅವಳೇ ಅದನ್ನು ಮುರಿದಳು, ಶಭಾಷ್ ಹೇಳಿ. ನಮಗೆ ಸಾಮಾನ್ಯವಾಗಿ ಸಿಗುವ ಲೋಹಗಳಲ್ಲಿ ಕಬ್ಬಿಣ, ನಿಕ್ಕಲ್, ಕೋಬಾಲ್ಟ್ ಜೋರಾಗಿ ಅಂಟುತ್ತವೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಹಲವು ಬಗೆ ಇವೆ. ಕಬ್ಬಿಣ ಎಲ್ಲದರಲ್ಲೂ ಇರುತ್ತೆ, ಆದರೆ ಬೇರೆ ಲೋಹ ಬೆರೆಸಿದ ರೀತಿಯಿಂದ ಒಳಗಿನ ಪರಮಾಣುಗಳ ಜೋಡಣೆ ಬದಲಾಗಿ ಕೆಲವು ಬಗೆ ಅಂಟಲ್ಲ. ಇಂಡಕ್ಷನ್ ಒಲೆ ಮೇಲೆ ಕೆಲವು ಸ್ಟೀಲ್ ಪಾತ್ರೆ ಬಿಸಿಯಾಗದೇ ಇರೋದಕ್ಕೂ ಇದಕ್ಕೂ ಸಂಬಂಧ ಇದೆ.

ಹಳ್ಳದ ಮರಳಿನಲ್ಲೂ ಆಡಿಸಲಿ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಒಣ ಮರಳಿನಲ್ಲಿ ಎಳೆಯಬೇಕು. ಕಪ್ಪು ಕಣಗಳು ಮುಳ್ಳಿನ ಹಾಗೆ ನಿಂತುಕೊಳ್ಳುತ್ತವೆ. ಕಬ್ಬಿಣದ ಅದಿರಿನ ಪುಡಿ ಅದು. ಕವರ್ ಬಿಚ್ಚಿದರೆ ಕಣಗಳು ಉದುರುತ್ತವೆ. ಕವರ್ ಇಲ್ಲದೆ ಮಾಡಿದರೆ ಅವನ್ನು ಬಿಡಿಸೋದು ದೊಡ್ಡ ಕೆಲಸ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹುಷಾರಾಗಿರಿ. ಆಟಿಕೆಯ ಪುಟ್ಟ ಹೊಳೆಯುವ ಅಯಸ್ಕಾಂತ ಬಹಳ ಶಕ್ತಿಯದು. ಎರಡನ್ನು ನುಂಗಿದರೆ ಹೊಟ್ಟೆಯೊಳಗೆ ಕರುಳನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಂಡು ತೂತು ಮಾಡುತ್ತವೆ. ಬಟನ್ ಸೆಲ್ಲೂ ಅಷ್ಟೇ ಅಪಾಯ. ನುಂಗಿದ ಅನುಮಾನ ಬಂದರೂ ಕಾಯಬೇಡಿ, ಆಸ್ಪತ್ರೆಗೆ ಓಡಿ.

ನಿವೃತ್ತ ವಿಜ್ಞಾನ ಮೇಷ್ಟ್ರು, ಚಿತ್ರದುರ್ಗ

ವೈಂಡಿಂಗ್ ಅಂಗಡಿಯವರು ಬರೆದದ್ದನ್ನು ಓದಿ ಬಹಳ ಸಂತೋಷವಾಯಿತು. ಅದಕ್ಕೆ ಮೂಲವಾದ ಪ್ರಯೋಗವನ್ನೂ ಮಗಳಿಗೆ ತೋರಿಸಿ. ಹೊಲಿಗೆ ಸೂಜಿಯನ್ನು ಅಯಸ್ಕಾಂತದ ಒಂದೇ ತುದಿಯಿಂದ, ಒಂದೇ ದಿಕ್ಕಿಗೆ ಹಲವು ಸಲ ತೀಡಿ. ಅದನ್ನು ಥರ್ಮೋಕೋಲ್ ಚೂರಿನ ಮೇಲಿಟ್ಟು ನೀರಿನ ಪ್ಲಾಸ್ಟಿಕ್ ಬಟ್ಟಲಿನಲ್ಲಿ ತೇಲಿಬಿಡಿ. ತಿರುಗಿ ತಿರುಗಿ ಉತ್ತರ ದಕ್ಷಿಣಕ್ಕೆ ನಿಲ್ಲುತ್ತೆ. ಈಗ ಸೂಜಿಯ ನೇರಕ್ಕೇ, ಬಟ್ಟಲಿನ ಮೇಲೆ ಒಂದು ವೈರನ್ನು ಹಿಡಿದು ಅದರ ತುದಿಗಳನ್ನು ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿ. ಸೂಜಿ ಪಕ್ಕಕ್ಕೆ ತಿರುಗುತ್ತೆ. ಸೆಲ್ಲನ್ನು ತಿರುಗಿಸಿ ಮುಟ್ಟಿಸಿದರೆ ಇನ್ನೊಂದು ಪಕ್ಕಕ್ಕೆ.

ಡೆನ್ಮಾರ್ಕಿನ ವಿಜ್ಞಾನಿ ಅರ್ಸ್ಟೆಡ್ 1820ರಲ್ಲಿ ಕಂಡದ್ದು ಇದನ್ನೇ. ಅಲ್ಲಿಯವರೆಗೆ ವಿದ್ಯುತ್ತೇ ಬೇರೆ, ಅಯಸ್ಕಾಂತವೇ ಬೇರೆ ಅಂತ ಹೆಚ್ಚಿನವರು ತಿಳಿದಿದ್ದರು. ಕರೆಂಟ್ ಹರಿದರೆ ಅಯಸ್ಕಾಂತದ ಗುಣ ಬರುತ್ತದೆ ಅಂದಮೇಲೆ, ಅಯಸ್ಕಾಂತದಿಂದ ಕರೆಂಟ್ ಬರಬೇಕಲ್ಲ ಅಂತ ಹಿಂದೆ ಬಿದ್ದವನು ಮೈಕೆಲ್ ಫ್ಯಾರಡೆ. ಬಡ ಕಮ್ಮಾರನ ಮಗ, ಬುಕ್ ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿತವನು. 1831ರಲ್ಲಿ ಅವನಿಗೆ ಗುಟ್ಟು ಸಿಕ್ಕಿತು. ಅಯಸ್ಕಾಂತವನ್ನು ವೈರಿನ ಸುರುಳಿಯೊಳಗೆ ಸುಮ್ನೆ ಇಟ್ಟರೆ ಏನೂ ಇಲ್ಲ. ಅದು ಅಲುಗಾಡಬೇಕು. ಒಳಗೆ ಹೋಗುವಾಗ ಕರೆಂಟ್ ಒಂದು ಕಡೆ, ಹೊರಗೆ ಬರುವಾಗ ಇನ್ನೊಂದು ಕಡೆ. 1902ಕ್ಕೆ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಆ ಗುಟ್ಟಿಗೂ ಇದಕ್ಕೂ ಮಧ್ಯೆ 71 ವರ್ಷ ಅಷ್ಟೇ.

ನಮ್ಮ ದುರ್ಗದ ಸುತ್ತ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳನ್ನು ಮಕ್ಕಳು ದಿನಾ ನೋಡುತ್ತಾರೆ. ರೆಕ್ಕೆ ನಿಧಾನಕ್ಕೆ ತಿರುಗುತ್ತೆ. ಹೆಚ್ಚಿನವುಗಳಲ್ಲಿ ಗೇರ್‌ಬಾಕ್ಸ್ ಅದನ್ನು ಜೋರು ಮಾಡುತ್ತೆ, ಜನರೇಟರಿನೊಳಗೆ ಫ್ಯಾರಡೆ ಮಾಡಿದ್ದೇ ನಡೆಯುತ್ತೆ. ಪಕ್ಕದ ಇಂಗಳದಾಳಿನಲ್ಲಿ ಹಿಂದೆ ತಾಮ್ರದ ಗಣಿ ಇತ್ತು. ಹೊಳಲ್ಕೆರೆ, ಹೊಸದುರ್ಗದ ಕಡೆ ಕಬ್ಬಿಣದ ಅದಿರಿದೆ. ತಾಮ್ರ, ಕಬ್ಬಿಣ, ಗಾಳಿ ಮೂರೂ ಇರುವ ಜಿಲ್ಲೆಯ ಮಕ್ಕಳು ಈ ಪಾಠವನ್ನು ಬಾಯಿಪಾಠ ಮಾಡಿ ಒಪ್ಪಿಸಬೇಕಾಗಿರುವುದು ನನಗೆ ನೋವಿನ ವಿಷಯ.

ಒಂಬತ್ತನೇ ಕ್ಲಾಸ್ ಹುಡುಗ, ಹಿರಿಯೂರು

ಸರ್, ನಾನು ಹಾಳಾದ ಆಟಿಕೆ ಕಾರಿನ ಮೋಟರ್ ತೆಗೆದಿದ್ದೇನೆ. ಅದನ್ನು ತಿರುಗಿಸಿದರೆ ಕರೆಂಟ್ ಬರುತ್ತೆ ಅಂತ ಗೊತ್ತು. ಬಿಳಿ ಎಲ್‌ಇಡಿ ಹಾಕಿ ಬೆರಳಲ್ಲಿ ತಿರುಗಿಸಿದೆ, ಹತ್ತಲಿಲ್ಲ. ಮೋಟರ್ ಹೋಗಿದೆಯಾ?

ಎಲೆಕ್ಟ್ರಿಕಲ್ ಓದುವ ಹುಡುಗಿ, ದಾವಣಗೆರೆ

ಮೋಟರ್ ಸರಿ ಇರುತ್ತೆ ಪುಟ್ಟ. ಬಿಳಿ ಎಲ್‌ಇಡಿಗೆ ಹತ್ತಿರ ಹತ್ತಿರ 3 ವೋಲ್ಟ್ ಬೇಕು. ಕೆಂಪಿಗೆ 2ಕ್ಕಿಂತ ಸ್ವಲ್ಪ ಕಮ್ಮಿ ಆದರೂ ಸಾಕು, ಅದನ್ನು ಹಾಕು. ಬೆರಳಲ್ಲಿ ತಿರುಗಿಸಿದರೆ ವೇಗ ಸಾಲಲ್ಲ. ಮೋಟರಿನ ಕಡ್ಡಿಗೆ ದಾರ ಸುತ್ತಿ, ಮೋಟರನ್ನು ಗಟ್ಟಿಯಾಗಿ ಹಿಡಿದು ಒಂದೇ ಏಟಿಗೆ ಎಳೆ. ಆಗಲೂ ಹತ್ತದಿದ್ದರೆ ಎಲ್‌ಇಡಿಯ ಕಾಲು ಅದಲು ಬದಲು ಮಾಡು. ಅದು ಒಂದು ದಿಕ್ಕಿಗೆ ಮಾತ್ರ ಕರೆಂಟ್ ಬಿಡುತ್ತೆ.

ಒಂಬತ್ತನೇ ಕ್ಲಾಸ್ ಹುಡುಗ, ಹಿರಿಯೂರು

ಅಕ್ಕಾ ಹತ್ತಿತು! ಎಳೆದಾಗ ಒಂದು ಸಲ ಮಿಂಚುತ್ತೆ. ದಾರವನ್ನು ಉಲ್ಟಾ ಸುತ್ತಿ ಎಳೆದರೆ ಹತ್ತಲ್ಲ. ಇನ್ನೊಂದು ವಿಚಿತ್ರ. ಎಲ್‌ಇಡಿ ತೆಗೆದು ಮೋಟರಿನ ಎರಡು ವೈರನ್ನು ಒಂದಕ್ಕೊಂದು ತಾಗಿಸಿ ತಿರುಗಿಸಿದರೆ ಬಿಗಿಯಾಗುತ್ತೆ. ಬಿಟ್ಟರೆ ಸಲೀಸು. ಯಾರೋ ಒಳಗೆ ಹಿಡಿದ ಹಾಗೆ ಆಗುತ್ತೆ. ಯಾಕೆ?

ಎಲೆಕ್ಟ್ರಿಕಲ್ ಓದುವ ಹುಡುಗಿ, ದಾವಣಗೆರೆ

ಬಹಳ ಚೆನ್ನಾಗಿ ಗಮನಿಸಿದೆ. ವೈರು ತಾಗಿಸದಿದ್ದಾಗ ವೋಲ್ಟೇಜ್ ಬರುತ್ತೆ, ಆದರೆ ಸುತ್ತು ಪೂರ್ತಿಯಿಲ್ಲ, ಕರೆಂಟ್ ಹರಿಯಲ್ಲ. ತಾಗಿಸಿದಾಗ ಹರಿಯುತ್ತೆ. ಹರಿದ ಕೂಡಲೇ ಒಳಗಿನ ಕಾಯಿಲ್ ತಾನೂ ಅಯಸ್ಕಾಂತವಾಗಿ ನೀನು ತಿರುಗಿಸುವುದಕ್ಕೆ ಅಡ್ಡ ಬರುತ್ತೆ. ಇದನ್ನು ಲೆನ್ಜ್‌ನ ನಿಯಮ ಅನ್ನುತ್ತಾರೆ. ಅಡ್ಡ ಬರದಿದ್ದರೆ ಪುಕ್ಕಟೆ ಶಕ್ತಿ ಸಿಕ್ಕಿಬಿಡುತ್ತಿತ್ತು. ಗಾಳಿಯಂತ್ರದ ಜನರೇಟರಿನಲ್ಲೂ ಕರೆಂಟ್ ಎಳೆದಷ್ಟೂ ಅದನ್ನು ತಿರುಗಿಸೋದು ಕಷ್ಟವಾಗುತ್ತೆ, ಗಾಳಿ ಅಷ್ಟು ಜಾಸ್ತಿ ದುಡಿಯಬೇಕು.

ಇನ್ನೊಂದು ಮೋಟರ್ ಸಿಕ್ಕಿದರೆ ಎರಡರ ವೈರುಗಳನ್ನೂ ಜೋಡಿಸಿ ಒಂದನ್ನು ಜೋರಾಗಿ ತಿರುಗಿಸು. ಇನ್ನೊಂದು ತಾನೇ ತಿರುಗುತ್ತೆ.

ಮೋಟರ್ ವೈಂಡಿಂಗ್ ಅಂಗಡಿ, ದಾವಣಗೆರೆ

ತಮ್ಮಾ, ಹಾಳಾದ ಸಿಡಿ ಪ್ಲೇಯರ್ ಗುಜರಿಯಲ್ಲಿ ಸಿಕ್ಕಿದರೆ ಬಿಚ್ಚು, ಒಳಗೆ ಚಿಕ್ಕ ಮೋಟರ್ ಇರುತ್ತೆ. ಆಟಿಕೆಯದಕ್ಕಿಂತ ಹಗುರವಾಗಿ ತಿರುಗುತ್ತೆ. ಎರಡನೇ ಮೋಟರಿಗೆ ಅದನ್ನೇ ಹಾಕು. ಬಿಚ್ಚುವ ಮುಂಚೆ ಪ್ಲಗ್ ವೈರು ಕತ್ತರಿಸಿ ಕೊಡು ಅಂತ ಗುಜರಿಯವರಿಗೇ ಹೇಳು.